ಮಂಗಳವಾರ ಹಾಕಿದ ಕತ್ತರಿ

ನನ್ನ ಮೊಮ್ಮಗಳು ನಿನ್ನೆ ಹೊರಗಿನವರ ಹೊಸ ಬಟ್ಟೆಗೆ ಕತ್ತರಿ ಹಾಕಿದಳು. ಹಾಕಿದಳು, ಹೊಲಿದಳು, ದೀಪ ಹಚ್ಚುವ ಮುಂಚೆ ರವಿಕೆಯನ್ನು ಕೈಗೆ ಕೊಟ್ಟೂಬಿಟ್ಟಳು. ಅದೂ ಮಂಗಳವಾರ! ಬೆಳಿಗ್ಗೆಯಿಂದ ನಲ್ಲಿಯ ಹತ್ತಿರ ಸಿಕ್ಕವರಿಗೆಲ್ಲ ಹೇಳಿದ್ದಾಯಿತು. ಒಂದು ಸಲ ಕೇಳಿದವರನ್ನೂ ನಿಲ್ಲಿಸಿಕೊಂಡು ಇನ್ನೊಂದು ಸಲ ಹೇಳಿದೆ. ಇನ್ನು ಹೇಳುವುದಕ್ಕೆ ಲೈನಿನಲ್ಲಿ ಯಾರೂ ಉಳಿದಿಲ್ಲ, ಅದಕ್ಕೇ ಬರೆಯುತ್ತಾ ಕೂತಿದ್ದೇನೆ. ಒಂದು ರವಿಕೆಗೆ ಇಷ್ಟು ಸಂಭ್ರಮವೇ ಎಂದು ನಗುವವರು ನಗಲಿ.

ನಾವಿರುವುದು ಉರಿಗಾಂನಲ್ಲಿ, ಚಿನ್ನದ ಗಣಿಯವರು ಕೆಲಸಗಾರರಿಗೆ ಕಟ್ಟಿಸಿದ ಸಾಲುಮನೆಯ ಲೈನಿನಲ್ಲಿ. ಮಗ ಗಣಿಯೊಳಕ್ಕೆ ಇಳಿಯುವವನು. ಸೊಸೆಯ ಅಣ್ಣ ಬಂಗಾರಪೇಟೆಯಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ ದರ್ಜಿ. ಹೋದ ವರ್ಷ ಮೊಮ್ಮಗಳು ಆ ಮಾವನ ಮನೆಯಲ್ಲಿದ್ದು ಹೊಲಿಗೆ ಕಲಿತು ಬಂದಳು. ಬಂದವಳೇ ನನ್ನ ಪಕ್ಕ ಕೂತು ಹೇಳಿದಳು: "ಅಜ್ಜಿ, ಬಜಾರಿನ ದರ್ಜಿಗಳೆಲ್ಲಾ ಗಂಡಸ್ರು. ಎಂಗಸ್ರು ನಾಚ್ಕೊಂಡು ಹಳೇ ರವಿಕೆ ಅಳತೆಗೆ ಕೊಟ್ಟು ಬತ್ತಾರೆ. ಬಿಗಿಯೋ ಸಡಿಲವೋ, ಬಂದಿದ್ದು ತೊಟ್ಕೋತಾರೆ. ಎಂಗಸ್ರ ಅಳತೆ ಎಂಗ್ಸೇ ತಗೋಬೇಕು. ನಾನು ಮನೇಲೇ ಹೊಲಿಗೆ ಅಂಗಡಿ ಇಡ್ತೀನಿ."

ಅವಳ ಮಾವ ತನ್ನ ಹಳೆಯ ಕೈ ಹೊಲಿಗೆ ಯಂತ್ರವನ್ನು ಕೊಟ್ಟು ಕಳಿಸಿದ. ಸುಮ್ಮನೆ ಕೊಡಲಿಲ್ಲ. "ಹೊರಗಿನೋರ ಬಟ್ಟೆ ಒಂದಾದ್ರೂ ಹೊಲೀಬೇಕು. ಮನೇಲಿ ಅಲಂಕಾರಕ್ಕೆ ಇಟ್ಕೊಂಡ್ರೆ ಬಂದು ಎತ್ಕೊಂಡು ಓಗ್ತೀನಿ" ಎಂದಿದ್ದ.

ಮನೆಯದೆಲ್ಲ ಹೊಲಿದಳು. ನನ್ನ ಹಳೆಯ ಸೀರೆಯಲ್ಲಿ ತನಗೊಂದು ರವಿಕೆ, ಅಪ್ಪನ ಹರಿದ ಅಂಗಿಗೆ ತೇಪೆ, ನನಗೊಂದು ದಿಂಬು. ಎಲ್ಲಾ ಚೆನ್ನಾಗಿತ್ತು. ಬೇರೆಯವರ ಹೊಸ ಬಟ್ಟೆ ಎಂದರೆ ಮಾತ್ರ ಕೈ ಬರುತ್ತಿರಲಿಲ್ಲ. ಅವಳದೂ ತಪ್ಪೆನ್ನಲಾರೆ. ಯುದ್ಧದ ಕಾಲ, ಬಟ್ಟೆಗೂ ಕಂಟ್ರೋಲು, ಸರದಿಯಲ್ಲಿ ನಿಂತರಷ್ಟೇ ಒಂದು ತುಂಡು. ಒಂದು ತುಂಡು ಕೆಡಿಸಿದರೆ ಇನ್ನೊಂದು ತಂದುಕೊಡಲು ನಮ್ಮಿಂದ ಎಲ್ಲಿ ಸಾಧ್ಯ?

ಹೀಗಿರುವಾಗ ಪಕ್ಕದ ಮನೆಯ ತಮಿಳಿನಾಕೆ, ತನ್ನ ಬಸುರಿ ಮಗಳಿಗೆ ರವಿಕೆಯಾಗಲಿ ಎಂದು ಒಂದು ನೀಲಿ ಬಟ್ಟೆ ತಂದುಕೊಟ್ಟಳು. ಮೊಮ್ಮಗಳು ಅಳತೆ ತೆಗೆದಳು. ಸುಣ್ಣದ ಬಳಪದಲ್ಲಿ ಬಟ್ಟೆಯ ಮೇಲೆ ಗೆರೆ ಎಳೆದಳು. ಆಮೇಲೆ ಮಡಿಸಿ ಯಂತ್ರದ ಮೇಲಿಟ್ಟಳು.

"ಅಜ್ಜಿ, ಮಂಗಳವಾರ ಹೊಸ ಬಟ್ಟೆಗೆ ಕತ್ತರಿ ಹಾಕ್ಬಾರ್ದಲ್ವಾ?"

"ಹಾಕಬಾರದು" ಎಂದೆ. ನಮ್ಮ ಕಡೆ ಹಾಗೆಯೇ ನಡೆದು ಬಂದಿದೆ. ಶುಕ್ರವಾರ ಕೇಳಿದಳು, ಲಕ್ಷ್ಮಿಯ ದಿನ, ಬೇಡ ಎಂದೆ. ಶನಿವಾರ ಕೇಳಿದಳು, ಶುರುಮಾಡಿದ್ದು ಎಳೆಯುತ್ತದೆ ಎಂದೆ. ಮಧ್ಯೆ ಅಮಾವಾಸ್ಯೆ ಬಂತು. ದಿನ-ವಾರದ ವಿಷಯ ಯಾರಾದರೂ ಕೇಳಿದರೆ ಪರವಾಗಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಗುರುವಾರ ಬಂತು. ಯಾರನ್ನು ಕೇಳಿದರೂ ಒಳ್ಳೆಯ ದಿನ ಎನ್ನುವಂಥದ್ದು. ಹುಡುಗಿ ಬಾಗಿಲಲ್ಲಿ ನಿಂತು, "ಅಜ್ಜಿ, ಇವತ್ತು ರಾಹುಕಾಲ ಎಷ್ಟೊತ್ತಿಗೆ?" ಎಂದಳು. ಆಗ ನನಗೆ ಹೊಳೆಯಿತು, ಇವಳು ಹುಡುಕುತ್ತಿರುವುದೇ ಕೆಟ್ಟ ದಿನವನ್ನು ಎಂದು.

ಸೋಮವಾರ ಬಂಗಾರಪೇಟೆಯಿಂದ ರೈಲಿನಲ್ಲಿ ಬಂದವರೊಬ್ಬರ ಕೈಲಿ ಮಾವ ಹೇಳಿ ಕಳಿಸಿದ: ಹೊರಗಿನವರದು ಇನ್ನೂ ಒಂದೂ ಹೊಲಿದಿಲ್ಲವಂತೆ, ನಾಳೆ ಸಂಜೆ ಬರುತ್ತೇನೆ, ಯಂತ್ರ ತೆಗೆದಿಡಿ. ಮೊಮ್ಮಗಳು ಯಂತ್ರಕ್ಕೆ ಎಣ್ಣೆ ಬಿಟ್ಟು, ಒರೆಸಿ, ಒಪ್ಪಿಸುವ ವಸ್ತುವಿನ ಹಾಗೆ ಬಟ್ಟೆ ಮುಚ್ಚಿಟ್ಟಳು.

ನಿನ್ನೆ ಬೆಳಿಗ್ಗೆ ಪಾಳಿಗೆ ಕರೆಯುವ ಗಣಿಯ ಸೈರನ್ ಕೂಗಿ ಮಗ ಕೆಲಸಕ್ಕೆ ಹೋದ ಮೇಲೆ, ಪಕ್ಕದ ಮನೆಯಾಕೆ ಮಗಳನ್ನು ಕರೆದುಕೊಂಡು ಬಂದಳು.

"ಏನ್ ಪಾಪಾ, ನಾಳೆ ಇವಳಿಗೆ ಬಳೆ ತೊಡಿಸೋ ಶಾಸ್ತ್ರ. ರವಿಕೆ ಎಲ್ಲಿ?" ಎಂದು ಮೊಮ್ಮಗಳನ್ನು ಕೇಳಿದಳು.

"ಇನ್ನೂ ಕತ್ತರಿಸಿಲ್ಲ, ಅಕ್ಕ."

"ಅಯ್ಯೋ ಸಾಮಿ! ಸಾಲಲ್ಲಿ ನಿಂತು ಕಾಲು ಊದಿಸ್ಕೊಂಡು ತಂದ ಬಟ್ಟೆ ಕಣೇ! ಕೊಡು ಇತ್ಲಾಗೆ, ಬಜಾರಿಗೇ ಕೊಡ್ತೀನಿ."

ಮೊಮ್ಮಗಳು ಎದುರಾಡದೆ ಕೊಟ್ಟುಬಿಟ್ಟಳು. ಅಷ್ಟರಲ್ಲಿ ಬಸುರಿ ಹುಡುಗಿ ಬಟ್ಟೆ ಬಿಚ್ಚಿ, ಬಳಪದ ಗೆರೆಯನ್ನು ತನ್ನ ಮೈಗೆ ಹಿಡಿದು ನೋಡಿದಳು.

"ಅಮ್ಮಾ, ಇದು ನನ್ನ ಅಳತೇನಾ? ನನ್ನ ತಂಗೀದಾ?"

ದಿನ ನೋಡುತ್ತ ಕೂತಿದ್ದಷ್ಟು ಕಾಲ ಬಸುರಿಯ ಮೈ ಕಾಯುತ್ತದೆಯೇ? ತುಂಬಿಕೊಂಡಿತ್ತು. ಅವಳ ತಾಯಿಯೇ ಮೊದಲು ನಕ್ಕಳು. "ಆವತ್ತೇ ಹೊಲ್ದಿದ್ರೆ ಇವಳನ್ನ ಅದರೊಳಕ್ಕೆ ಒನಕೇಲಿ ಕುಟ್ಟಿ ತುಂಬಬೇಕಿತ್ತು!"

ಮೊಮ್ಮಗಳಿಗೂ ನಗು ಬಂತು. ನಗುತ್ತಲೇ ಟೇಪು ತೆಗೆದುಕೊಂಡು ಮತ್ತೆ ಅಳೆದಳು. ಹಳೆಯ ಗೆರೆ ಕೊಡವಿ ಹೊಸದು ಎಳೆದಳು. ಕತ್ತರಿ ಕೈಗೆ ಬಂತು. ಅಲ್ಲಿಗೆ ನಿಂತಿತು.

"ಅಜ್ಜಿ, ಇವತ್ತು ಮಂಗಳವಾರ."

ಎಲ್ಲರೂ ನನ್ನ ಮುಖ ನೋಡಿದರು.

"ಊಂ ಕಣವ್ವಾ, ಮಂಗಳವಾರ" ಎಂದೆ. "ಮಂಗಳವಾರ ಅಂತ ಗಣಿಯೋರು ರಜಾ ಕೊಟ್ಟವ್ರಾ? ನಿಮ್ಮಪ್ಪ ಒಳಕ್ಕೆ ಇಳ್ದಿಲ್ವಾ? ಕತ್ತರ್ಸು."

ಬಸುರಿ ಹುಡುಗಿ ಗೋಡೆಗೆ ಒರಗಿ ಕೂತಳು. "ನೀನು ಬಟ್ಟೆಗೇ ಇಷ್ಟು ಎದ್ರಿದ್ರೆ ನಾನು ಇನ್ನೆಷ್ಟು ಎದ್ರಬೇಕೇ? ನಂಗೆ ನೋವು ವಾರ ಕೇಳ್ಕೊಂಡು ಬತ್ತದಾ?"

ಬಟ್ಟೆ ಜರುಗದಿರಲಿ ಎಂದು ನಾನು ಒಂದು ತುದಿ ಒತ್ತಿ ಹಿಡಿದಿದ್ದೆ. "ಅಜ್ಜಿ, ಕೈ ತೆಗಿ. ಗೆರೆ ಮೇಲೇ ಇಟ್ಟಿದ್ದೀಯ" ಎಂದಳು ಮೊಮ್ಮಗಳು. ತೆಗೆದೆ. ಕಚಕ್ಕೆಂದು ಒಂದು ಸದ್ದು. ಆಮೇಲೆ ಅವಳು ಯಾರ ಮುಖವನ್ನೂ ನೋಡಲಿಲ್ಲ.

ಒಂದು ತೋಳು ಹಿಂದುಮುಂದಾಗಿ ಕೂತಿತು. ಬಿಚ್ಚಿ ಮತ್ತೆ ಹೊಲಿದಳು. ಮಧ್ಯಾಹ್ನ ಊಟಕ್ಕೆ ಕರೆದರೆ ಕೇಳಿಸಲೇ ಇಲ್ಲ. ಇಳಿಹೊತ್ತಿಗೆ ಬಸುರಿ ಹುಡುಗಿ ತೊಟ್ಟು, ಎರಡು ಕೈಯನ್ನೂ ಮೇಲೆತ್ತಿ, "ಕೈ ಎತ್ತೋಕಾಗ್ತದೆ! ಬಜಾರಿನ ರವಿಕೇಲಿ ಆಗ್ತಿರ್ಲಿಲ್ಲ" ಎಂದಳು; ಕುಣಿಯುವುದೊಂದು ಬಾಕಿ. "ನಾಳೆಗೆ ಬೇಡ್ವೇನೇ, ಬಿಚ್ಚೇ" ಎಂದು ತಾಯಿ ಬೈದರೂ ಬಿಚ್ಚದೆ ಹಾಗೆಯೇ ಮನೆಗೆ ಹೋದಳು. ಅರ್ಧ ಗಂಟೆಯೂ ಆಗಿರಲಿಕ್ಕಿಲ್ಲ, ಎದುರು ಸಾಲಿನ ಹೆಂಗಸೊಬ್ಬಳು ಬಟ್ಟೆ ಹಿಡಿದು ಬಂದಳು.

ಸಂಜೆ ಮಾವ ಬಂದ. ಕೈಲಿ ಗೋಣಿಚೀಲ, ಹಗ್ಗ. ಒಳಗೆ ಯಂತ್ರ ಗರಗರ ಎನ್ನುತ್ತಿತ್ತು. ಮೊಮ್ಮಗಳು ಏಳಲಿಲ್ಲ. ನಾನೇ ಓಡಿ ಪಕ್ಕದ ಮನೆಯಿಂದ ಆ ರವಿಕೆ ಇಸಿದುಕೊಂಡು ಬಂದೆ. ಅವನು ಬೆಳಕಿಗೆ ಹಿಡಿದು, ಹೊಲಿಗೆಯನ್ನು ಎರಡು ಹೆಬ್ಬೆರಳಲ್ಲಿ ಎಳೆದು ನೋಡಿದ.

"ಕಂಕುಳಲ್ಲಿ ಇನ್ನೊಂದು ಹೊಲಿಗೆ ಓಡ್ಸು. ಮೊದ್ಲು ಅಲ್ಲೇ ಬಿಟ್ಕೊಳ್ಳೋದು" ಎಂದ. ಅಷ್ಟೇ. ಮೊಮ್ಮಗಳು ಅಲ್ಲೇ ಓಡಿಸಿಕೊಟ್ಟಳು.

ಮಗ ಕೆಲಸ ಮುಗಿಸಿ ಬಂದು ಕೈಕಾಲು ತೊಳೆದ. ನಮ್ಮಲ್ಲಿ ಗಂಡಸರ ಊಟವಾದ ಮೇಲೆ ನಮ್ಮದು. ನಿನ್ನೆ ಮಾತ್ರ ಎಲ್ಲರೂ ಒಟ್ಟಿಗೆ ಕೂತೆವು. ಹಿತಕಿದ ಅವರೆಬೇಳೆ ಸಾರು, ಬಿಸಿ ಮುದ್ದೆ. ಜಾಗ ಸಾಲದೆ ಮಾವ ಯಂತ್ರಕ್ಕೇ ಬೆನ್ನು ಕೊಟ್ಟು ಕೂತ.

"ಹಗ್ಗ ತಂದಿದ್ದೀನಲ್ಲಾ, ಇದನ್ನೇನ್ ಮಾಡ್ಲಿ?" ಎಂದ.

"ಬಟ್ಟೆ ಒಣಗಾಕೋಕೆ ಬಿಟ್ಟೋಗು ಬಾವ" ಎಂದ ನನ್ನ ಮಗ.

ಮೊಮ್ಮಗಳು ನಕ್ಕು ಸಾರು ನೆತ್ತಿಗೆ ಹತ್ತಿಸಿಕೊಂಡಳು. ಅವಳಮ್ಮ ತಲೆ ತಟ್ಟಿದಳು. ನಾನು ಇನ್ನೊಂದು ಮುದ್ದೆಗೆ ತಟ್ಟೆ ಚಾಚಿದೆ. ಸೊಸೆ ಏನೂ ಕೇಳದೆ ಹಾಕಿದಳು.