ತಪ್ಪೆಲ್ಲ ಟೈರಿನದೇ

ನನ್ನ ಬಲಗೈ ಮಣಿಕಟ್ಟು ಮುರಿದಾಗ ನೋಡಲು ಬಂದ ಗಂಡಸರೆಲ್ಲ ಮೊದಲು ನೋಡಿದ್ದು ನಮ್ಮ ಬೈಕಿನ ಟೈರನ್ನು. ಒಬ್ಬರಾದರೂ ನೇರ ಒಳಗೆ ಬರಲಿಲ್ಲ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಮುಂದಿನ ಚಕ್ರ ತಿರುಗಿಸಿ, ಹಿಂದಿನ ಚಕ್ರ ತಿರುಗಿಸಿ, ಆಮೇಲೆ ಕೈ ತೊಳೆದು ಒಳಗೆ ಬಂದು ಮೂಸಂಬಿ ಚೀಲ ಇಟ್ಟರು. 'ಹೇಗಿದ್ದೀರಿ' ಎಂದು ಕೇಳಿದವರೂ ಉತ್ತರಕ್ಕೆ ಕಾಯಲಿಲ್ಲ.

"ಹಿಂದೆ ಒಂದ್ ಕಂಪನಿ, ಮುಂದೆ ಒಂದ್ ಕಂಪನಿ ಹಾಕ್ಸಿದ್ರೆ ಇನ್ನೇನಾಗುತ್ತೆ ಮಾರಾಯ? ಒಂದು ಹಿಡಿಯುತ್ತೆ, ಇನ್ನೊಂದು ಜಾರುತ್ತೆ," ಎಂದ ಪಕ್ಕದ ಎಸ್ಟೇಟಿನ ಜೀಪ್ ಡ್ರೈವರ್, ನನ್ನ ಗಂಡನ ಗೆಳೆಯ.

"ಅದೇ ಆಗಿದ್ದು ನೋಡು," ಎಂದರು ನನ್ನ ಗಂಡ, ಕಾಫಿ ಕುಡಿಯುತ್ತಾ. ಆ ಕಾಫಿಯನ್ನು ನಾನು ಎಡಗೈಯಲ್ಲಿ ಮಾಡಿದ್ದೆ. ಮೈಯೆಲ್ಲ ಉರಿದುಹೋಯಿತು.

ಆಗಿದ್ದು ಅದಲ್ಲ. ನನ್ನ ಗಂಡ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್. ನಾನು ಆಲ್ದೂರಿನಲ್ಲಿ ರವಿಕೆ ಹೊಲಿಯುವವಳು. ಹಿಂದಿನ ಟೈರ್ ಹಾಳಾದಾಗ ಅವರು ಅದೊಂದನ್ನೇ ಹೊಸದು ಹಾಕಿಸಿದರು, ಅಂಗಡಿಯಲ್ಲಿ ಸಿಕ್ಕ ಕಂಪನಿಯದ್ದು. ಸವೆದ ಬಟ್ಟೆಯನ್ನು ಬೆರಳಲ್ಲೇ ಗುರುತಿಸುವವಳು ನಾನು. ಮುಂದಿನ ಟೈರನ್ನು ಸವರಿ ನೋಡಿದರೆ ಗೆರೆಯೇ ಇಲ್ಲ, ಬೋಳು.

"ಇದನ್ನೂ ಬದಲಾಯಿಸಿ," ಎಂದೆ.

"ಏರಲ್ಲಿ ದುಡಿಯೋದು ಹಿಂದಿಂದು ಕಣೇ. ಮುಂದಿಂದು ಸುಮ್ನೆ ದಾರಿ ತೋರ್ಸುತ್ತೆ ಅಷ್ಟೇ," ಎಂದು ನಕ್ಕರು.

ನಮ್ಮ ಕಡೆಯ ಗಂಡಸರ ಲೆಕ್ಕವೇ ಹೀಗೆ. ಘಾಟಿ ಎಂದರೆ ಅವರಿಗೆ ಹತ್ತುವುದು ಮಾತ್ರ. ಹತ್ತಿದವರು ಇಳಿಯಲೂಬೇಕು ಎನ್ನುವುದು ಯಾರ ತಲೆಗೂ ಹೋಗುವುದಿಲ್ಲ.

ಹೊರನಾಡಿಗೆ ಹೋಗಿ ಊಟ ಮುಗಿಸಿ ವಾಪಸ್ ಬರುತ್ತಿದ್ದೆವು. ಅದೇ ತಾನೆ ಹೂಮಳೆ ಬಿದ್ದು ನಿಂತಿತ್ತು. ಕಾಫಿ ಹೂವರಳಿಸುವ ಈ ಮಳೆಗೆ ತೋಟದವರೆಲ್ಲ ಕುಣಿಯುತ್ತಾರೆ, ಆದರೆ ಬೇಸಿಗೆಯ ಧೂಳು ನೆನೆದು ರಸ್ತೆ ಎಣ್ಣೆ ಸವರಿದಂತಿರುತ್ತದೆ. ಕಳಸಕ್ಕೆ ಇಳಿಯುವ ದಾರಿಯಲ್ಲಿ ಒಂದು ಕಾರು ನಮ್ಮನ್ನು ಹಿಂದೆ ಹಾಕಿತು. ಅಷ್ಟೇ ಸಾಕಾಯಿತು ಇವರಿಗೆ. "ನಿಧಾನ" ಎಂದೆ. "ನಿಧಾನ ರೀ" ಎಂದು ಬೆನ್ನಿಗೆ ಗುದ್ದಿದೆ. ಇನ್ನಷ್ಟು ಜೋರು ಮಾಡಿದರು. ತಿರುವಿನಲ್ಲಿ ಬ್ರೇಕ್ ಹಿಡಿದದ್ದೇ ಮುಂದಿನ ಚಕ್ರ ಜಾರಿತು. ಅವರ ಮೊಣಕಾಲು ತರಚಿತು. ನಾನು ಬಲಗೈ ಊರಿ ಬಿದ್ದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಗಾದೆಯನ್ನೂ ಹೆಂಗಸಿನ ಮೇಲೇ ಕಟ್ಟಿದ್ದಾರೆ ನೋಡಿ! ನಮ್ಮ ಮನೆಯಲ್ಲಿ ಓಡಿಸಲಾರದವರು ಕಂಪನಿ ಬೇರೆ ಎಂದರು, ಊರೆಲ್ಲ ಹೌದೌದು ಎಂದಿತು. ಬೇರೆ ಬೇರೆ ಕಂಪನಿಯ ಟೈರ್ ಹಾಕಿಕೊಂಡು ಎಷ್ಟು ಜನ ಈ ಘಾಟಿಯಲ್ಲಿ ನೆಟ್ಟಗೆ ಓಡಾಡುತ್ತಿಲ್ಲ? ಬೋಳು ಟೈರಿನ ಮಾತನ್ನು ಯಾರೂ ಎತ್ತಲಿಲ್ಲ. ಜೋರಿನ ಮಾತಂತೂ ದೂರವೇ ಉಳಿಯಿತು.

ಪಟ್ಟಿ ಬಿಚ್ಚಿದ ಮೇಲೆ ಕತ್ತರಿ ಹಿಡಿದೆ. ಬೆರಳು ಪೂರ್ತಿ ಮಡಚಲಿಲ್ಲ. ರೇಷ್ಮೆ ಬಟ್ಟೆಯ ಮೇಲೆ ಹಾಕಿದ ಕತ್ತರಿ ಅಡ್ಡಾದಿಡ್ಡಿ ಓಡಿತು, ಒಬ್ಬರ ಮದುವೆ ರವಿಕೆ ಹಾಳಾಯಿತು. ಬಟ್ಟೆ ಕೊಟ್ಟವರು ಪಾಪ ಬೈಯಲಿಲ್ಲ, ಉಳಿದದ್ದನ್ನು ವಾಪಸ್ ತೆಗೆದುಕೊಂಡು ಬೇರೆ ಟೈಲರ್ ಹತ್ತಿರ ಹೋದರು. ಆ ದಿನ ಮೆಷಿನ್ ಮೇಲೆ ತಲೆಯಿಟ್ಟು ಜೋರಾಗಿಯೇ ಅತ್ತೆ. ಸಿಟ್ಟಿಗೆ ಅತ್ತೆ, ನೋವಿಗಲ್ಲ.

ಮರುವಾರ ಕೈಗೆ ವ್ಯಾಯಾಮ ಮಾಡಿಸಲು ಚಿಕ್ಕಮಗಳೂರಿನ ಆಸ್ಪತ್ರೆಗೆ ಹೋಗಬೇಕಿತ್ತು. ಇವರು ಬೈಕ್ ತೊಳೆದು ಬಾಗಿಲ ಮುಂದೆ ತಂದು ನಿಲ್ಲಿಸಿದರು. ಮುಖದಲ್ಲಿ ಗೆದ್ದವರ ಕಳೆ.

"ಮುಂದಿಂದೂ ಹೊಸದು ಹಾಕ್ಸಿದೆ. ಈಗ ಎರಡೂ ಒಂದೇ ಕಂಪನಿ. ಹತ್ತು, ಹೆದರ್ಬೇಡ."

"ಒಂದು ಮಾತು ಹೇಳಿ, ಹತ್ತುತ್ತೀನಿ," ಎಂದೆ.

"ಯಾವ ಮಾತು?"

ಛೇಡಿಸುತ್ತಿದ್ದಾರೇನೋ ಎಂದು ಮುಖ ನೋಡಿದೆ. ಇಲ್ಲ, ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ. ನಾನು ಚೀಲವನ್ನು ಎಡಗೈಗೆ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಹಿಂದಿನಿಂದ ಅವರು ಇನ್ನೂ ಕೂಗುತ್ತಿದ್ದರು, "ಎರಡೂ ಒಂದೇ ಕಂಪನಿ ಕಣೇ!"