ಅಕ್ಕ ಕತ್ತರಿಸದೆ ಬಿಟ್ಟ ಬಟ್ಟೆ

ಅಕ್ಕನ ಆಪರೇಷನ್ ಹೇಗೆಂದು ಡಾಕ್ಟರು ಚಿತ್ರ ಬರೆದು ತೋರಿಸಿದ್ದು ಸ್ಕ್ಯಾನಿನ ಲಕೋಟೆಯ ಹಿಂದೆ ಎಂದು ನನ್ನ ನೆನಪು. ಭಾವ ಒಪ್ಪುವುದಿಲ್ಲ. ಡಾಕ್ಟರು ಗಾಳಿಯಲ್ಲಿ ಬೆರಳಾಡಿಸಿದರು, ಅಷ್ಟೇ ಎನ್ನುತ್ತಾರೆ. ಲಕೋಟೆಯನ್ನು ಹುಡುಕಿ ತೆಗೆದೆ. ಅದರ ಹಿಂದೆ ಏನೂ ಇಲ್ಲ.

ಅಕ್ಕ ಬಂಟ್ವಾಳ ಪೇಟೆಯಲ್ಲಿ ಹೊಲಿಗೆಯಂಗಡಿ ಇಟ್ಟವಳು. ಅವಳ ಕಣ್ಣು ಹಳದಿಯಾದಾಗ ನಾವೆಲ್ಲ ಬರೀ ಕಾಮಾಲೆ ಎಂದುಕೊಂಡೆವು. ನಾನೇ ಮೂಡುಬಿದಿರೆಯಿಂದ ಕಾರು ತಂದು, ಬೆಳ್ತಂಗಡಿ ಕಡೆ ಕಾಮಾಲೆಗೆ ಮದ್ದು ಕೊಡುವವರೊಬ್ಬರಲ್ಲಿಗೆ ಅವಳನ್ನು ಕರೆದೊಯ್ದೆ. ಹಸಿರು ರಸ, ಉಪ್ಪಿಲ್ಲದ ಗಂಜಿ. ಹಾಗೆ ಎರಡು ವಾರ ಹೋಯಿತು. ಹೇಳುವಾಗ ಅದನ್ನು ಹತ್ತು ದಿನ ಮಾಡಿಬಿಡುತ್ತೇನೆ. ಎರಡು ವಾರವೇ.

ಮೈಯೆಲ್ಲ ತುರಿಕೆ ಶುರುವಾದ ಮೇಲೆ ಮಂಗಳೂರಿನ ಆಸ್ಪತ್ರೆಗೆ ಹೋದೆವು. ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಕ್ಯಾನ್ಸರ್ ಗಡ್ಡೆ. ಆ ಭಾಗವನ್ನೂ ಜೊತೆಗೆ ಪಿತ್ತಕೋಶ, ಒಂದು ತುಂಡು ಕರುಳನ್ನೂ ತೆಗೆದು, ಉಳಿದದ್ದನ್ನು ಮತ್ತೆ ಜೋಡಿಸಬೇಕು ಎಂದರು ಡಾಕ್ಟರು.

"ಹೊಲಿಗೆ ಬಿಡ್ತದಾ ಡಾಕ್ಟ್ರೇ?" ಅಕ್ಕ ಕೇಳಿದಳು.

"ಬಿಡಬಹುದಮ್ಮ. ಗ್ರಂಥಿ ಬಹಳ ಮೆತ್ತಗೆ. ನೂಲು ಗಟ್ಟಿಯಿದ್ದರೂ ಗ್ರಂಥಿಯೇ ಹರಿಯಬಹುದು. ರಸ ಒಳಗೇ ಸೋರಿದರೆ ಸೋಂಕು, ರಕ್ತಸ್ರಾವ. ಕೆಲವರು ಉಳಿಯುವುದಿಲ್ಲ."

"ಶಿಫಾನ್ ಬಟ್ಟೆ ಸಹ ಹಾಗೇ. ನಾವು ಅಡಿಗೆ ಪೇಪರ್ ಇಟ್ಟು ಹೊಲಿಯುತ್ತೇವೆ."

"ನಮಗೆ ಹಾಗೆ ಇಡಲಿಕ್ಕಾಗುವುದಿಲ್ಲ."

"ಮಾಡದಿದ್ದರೆ?" ಎಂದರು ಭಾವ.

"ಕೆಲವು ತಿಂಗಳು. ಮಾಡಿದರೆ ಹೆಚ್ಚು ಕಾಲ ಸಿಗಬಹುದು. ಆದರೆ ಮತ್ತೆ ಬರುವುದಿಲ್ಲ ಅಂತ ನಾನು ಮಾತು ಕೊಡಲಾರೆ."

ಅಕ್ಕ ಭಾವನ ಕಡೆ ತಿರುಗಿ, "ಮಾಡಿಸುವ" ಎಂದಳು. ಹೇಳಿದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆದ ಕೂಡಲೇ ಆ ಮಾತಿಗೆ ಆಗ ಇಲ್ಲದ ಧೈರ್ಯ ಬಂದುಬಿಡುತ್ತದೆ. ಹೇಳುವಾಗ ಅವಳು ಭಾವನ ಅಂಗಿಯ ಸಡಿಲ ಗುಂಡಿಯೊಂದನ್ನು ತಿರುಗಿಸುತ್ತಲೇ ಇದ್ದಳು.

ಆಪರೇಷನ್ ಆಗಿ ಐದನೆಯದೋ ಆರನೆಯದೋ ದಿನ, ಹೊಟ್ಟೆಯ ಪಕ್ಕದ ಕೊಳವೆಯಲ್ಲಿ ಬರುತ್ತಿದ್ದ ನೀರಿನ ಬಣ್ಣ ಬದಲಾಯಿತು. ಡಾಕ್ಟರು ನನ್ನನ್ನು ಹೊರಗೆ ಕರೆದರು. ಜೋಡಿಸಿದಲ್ಲಿ ಸೋರುತ್ತಿದೆ, ಕೊಳವೆಯಲ್ಲೇ ಹೊರಗೆ ಬರುತ್ತಿರುವವರೆಗೆ ಅಪಾಯ ಕಡಿಮೆ, ಕಾದು ನೋಡುವ ಎಂದರು. ನಾನು ಮುಖ ತೊಳೆದು ಒಳಗೆ ಹೋದೆ.

"ಬಿಟ್ಟಿತಾ?" ಅಕ್ಕ ಕೇಳಿದಳು.

"ಇಲ್ಲಕ್ಕ, ಎಲ್ಲ ಸರಿ ಉಂಟು. ನಾಲ್ಕು ದಿನದಲ್ಲಿ ಮನೆಗೆ ಹೋಗುವ."

"ಗಿರಾಕಿಗಳಿಗೆ 'ನಾಳೆ ಆಗ್ತದೆ' ಅಂತ ನಾನು ಹೇಳುವ ಸ್ವರ ಇದು ಮಾರಾಯ. ನನಗೇ ಹೇಳ್ತೀಯಾ?"

ನಕ್ಕಳು. ನಗುವಾಗ ನೋವಾಗಿ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ನನಗೆ ಬೈದಳು.

ಮನೆಗೆ ಬರಲು ಒಂದು ತಿಂಗಳು ಹಿಡಿಯಿತು. ಸೋರುವುದು ತಾನಾಗಿ ನಿಂತಿತು, ಯಾಕೆ ನಿಂತಿತೆಂದು ಯಾರೂ ಹೇಳಲಿಲ್ಲ. ಆಮೇಲೆ ಕಿಮೋ. ಈಗ ದಿನಾ ಇನ್ಸುಲಿನ್, ಪ್ರತಿ ಊಟದ ಜೊತೆ ಜೀರ್ಣದ ಮಾತ್ರೆ, ಒಂದು ಹೊತ್ತಿಗೆ ಒಂದೇ ನೀರುದೋಸೆ.

ಮನೆಗೆ ಬಂದ ಮೊದಲ ತಿಂಗಳು ಅವಳ ರವಿಕೆಗಳೆಲ್ಲ ಜೋತುಬೀಳುತ್ತಿದ್ದವು. ಮೆಷಿನ್ ಮುಂದೆ ಕೂರುವ ಶಕ್ತಿ ಬಂದದ್ದೇ ಒಂದೊಂದನ್ನೂ ಒಳಗೆ ಹಿಡಿದು ಹೊಲಿದಳು, ಉದ್ದುದ್ದ ಹೊಲಿಗೆ ಹಾಕಿ. ಹೆಚ್ಚಾದ ಬಟ್ಟೆಯನ್ನು ಕತ್ತರಿಸಲಿಲ್ಲ. ಕಂಕುಳಲ್ಲಿ ಚುಚ್ಚುವುದಿಲ್ಲವಾ ಎಂದೆ.

"ಚುಚ್ಚಲಿ. ದಪ್ಪ ಆದರೆ ಬಿಚ್ಚಲಿಕ್ಕೆ ಬೇಕಲ್ಲ."

ಮುಂದಿನ ತಿಂಗಳು ಮತ್ತೆ ಸ್ಕ್ಯಾನ್ ಉಂಟು. ಕಳೆದ ವಾರ ಹೋದಾಗ ಒಂದು ನೀಲಿ ರವಿಕೆಯನ್ನೂ ಬ್ಲೇಡನ್ನೂ ನನ್ನ ಕೈಗೆ ಕೊಟ್ಟು, "ಬಿಗಿ ಆಗ್ತದೆ, ಒಂದು ಸಾಲು ಬಿಚ್ಚು" ಎಂದಳು. ಬಿಚ್ಚುವಾಗ ಬ್ಲೇಡು ಜಾರಿ ಬಟ್ಟೆಯೂ ಕೊಯ್ದುಹೋಯಿತು. ರವಿಕೆಯನ್ನು ಬೆಳಕಿಗೆ ಹಿಡಿದು ನೋಡಿ, "ಇಷ್ಟು ಓದಿ ಏನು ಪ್ರಯೋಜನ!" ಎಂದಳು. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಭಾವ ಬೇಕಾದರೆ ನೋಡಲಿ, ಎಡಗಡೆ ತೋಳಿನ ಕೆಳಗೆ ಆ ತೂತು ಉಂಟು.