ಮುಖಪುಟದ ಒಳಮಗ್ಗುಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಭಾವ ಬಂದವರಿಗೆಲ್ಲ ಹೇಳುತ್ತಾರೆ. ಇರಲಿ. ಅವರ ಮೂಗಿನ ತುದಿಯಲ್ಲಿ ಕನ್ನಡಕ ಇರುತ್ತದೆ, ಅದರಿಂದ ಏನು ಉಪಯೋಗವಾಯಿತು ಎಂಬುದನ್ನೇ ಈಗ ಹೇಳಹೊರಟಿದ್ದೇನೆ. ಆದರೆ ಇದು ಅವರ ಕಥೆಯಲ್ಲ. ಅವರ ಹೆಸರು ದಪ್ಪಕ್ಷರದಲ್ಲಿ ಬೇಕಾದಷ್ಟು ಸಲ ಅಚ್ಚಾಗಿದೆ. ಇದು ನನ್ನ ಅಕ್ಕನ ಕಥೆ, ಅವಳ ಹೆಸರು ಎಲ್ಲೂ ಅಚ್ಚಾಗಿಲ್ಲ.

ಭಾವ ಒಂದು ಮಾಸಿಕ ಚಿತ್ರಕಥೆ ಬರೆಯುತ್ತಿದ್ದರು. ದೀಪಸ್ತಂಭದ ಕಾವಲುಗಾರ, ಅವನ ತಂಗಿ, ಸಮುದ್ರದಲ್ಲಿ ಕದ್ದುಮುಚ್ಚಿ ಸರಕು ಸಾಗಿಸುವ ಖದೀಮರು. ಚಿತ್ರ ಬೇರೊಬ್ಬರದು, ಕಥೆ ಮಾತು ಇವರದು. ತೆಳ್ಳಗಿನ ಪುಸ್ತಕ, ಬೆನ್ನಿಗೆ ಎರಡು ಪಿನ್ನು. ಆ ಪಿನ್ನು ಹೊಡೆಯುತ್ತಿದ್ದವಳು ನಾನು. ಪ್ರೆಸ್ಸಿನ ಹಿಂಭಾಗದ ಕೋಣೆಯಲ್ಲಿ, ಅಂಟು ಮತ್ತು ಮಸಿಯ ವಾಸನೆಯ ನಡುವೆ, ಕಾಲಿನಿಂದ ತುಳಿದರೆ ಪಿನ್ನು ಇಳಿಸುವ ಯಂತ್ರದ ಮುಂದೆ ನನ್ನ ಅರ್ಧ ಆಯುಸ್ಸು ಕಳೆದಿದೆ. ಅಲ್ಲಿ ಎಲ್ಲರೂ ನನ್ನನ್ನು ಪಿನ್ನಕ್ಕ ಎಂದೇ ಕರೆಯುತ್ತಿದ್ದರು. ಚುಚ್ಚುವುದು ಯಂತ್ರ ಮಾತ್ರ ಅಲ್ಲ ಎಂಬುದು ಅದರ ತಾತ್ಪರ್ಯ.

ಕಥೆ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತಿತ್ತಲ್ಲ, ನಡುವೆ ಸೇರಿಕೊಂಡ ಓದುಗನಿಗೆ ತಲೆಬುಡ ತಿಳಿಯಬೇಕಲ್ಲ, ಅದಕ್ಕೆ ಮುಖಪುಟದ ಒಳಮಗ್ಗುಲಲ್ಲಿ ಅರ್ಧ ಪುಟ ‘ಇದುವರೆಗೆ’ ಎಂದು ಹಾಕುತ್ತಿದ್ದರು. ಉಳಿದರ್ಧ ಕೊಡೆ ಅಂಗಡಿಯ ಜಾಹೀರಾತು. ಆ ಅರ್ಧ ಪುಟವನ್ನು ಬರೆದುಕೊಡಿ ಎಂದು ಪ್ರೆಸ್ಸಿನ ಯಜಮಾನರು ಕೇಳಿದಾಗ ಭಾವ ಮುಖ ಸಿಂಡರಿಸಿದರು. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವುದು ಗುಮಾಸ್ತರ ಕೆಲಸ, ತಾನು ಲೇಖಕ ಎಂದರು. ಯಜಮಾನರು ಅಕ್ಕನ ಕಡೆ ತಿರುಗಿ, “ನೀವೇ ನಾಲ್ಕು ಸಾಲು ಬರೆದುಬಿಡಿ ತಾಯಿ, ಹೇಗಿದ್ರೂ ಪ್ರೂಫ್ ನೋಡ್ತೀರಲ್ಲ” ಎಂದರು. ಅಕ್ಕ ಬರೆದಳು. ಅಲ್ಲಿಂದ ಪತ್ರಿಕೆ ನಿಲ್ಲುವ ತನಕ ಪ್ರತಿ ತಿಂಗಳೂ ಅವಳೇ ಬರೆದಳು.

ಈಗ ಭಾವ ಕಥೆ ಬರೆಯುತ್ತಿದ್ದ ಚಂದ ಹೇಳುತ್ತೇನೆ. ಹೋದ ತಿಂಗಳು ಏನು ಬರೆದಿದ್ದೆ ಎಂದು ಹಿಂತಿರುಗಿ ನೋಡುವ ಅಭ್ಯಾಸವೇ ಆ ಮನುಷ್ಯನಿಗಿರಲಿಲ್ಲ. ಕೊನೆಯ ಗಳಿಗೆಯ ತನಕ ಗೆಳೆಯರ ಜೊತೆ ಹರಟೆ, ಆಮೇಲೆ ಕೈಗೆ ಬಂದಂತೆ ಗೀಚುವುದು. ಒಂದು ಸಂಚಿಕೆಯ ಕೊನೆಯ ಚಿತ್ರದಲ್ಲಿ ಕಾವಲುಗಾರನ ತಂಗಿಯ ದೋಣಿ ಮಗುಚಿತು. ಅಲೆಗಳ ಮೇಲೆ ಒಂದು ಕೈ ಮಾತ್ರ ಕಾಣುತ್ತಿತ್ತು. ಓದುಗರು ತಿಂಗಳಿಡೀ ಉಸಿರು ಬಿಗಿಹಿಡಿದು ಕಾದರು. ಮುಂದಿನ ಸಂಚಿಕೆಯ ಮೊದಲ ಚಿತ್ರದಲ್ಲಿ ನೋಡಿದರೆ, ತಂಗಿ ದೀಪಸ್ತಂಭದ ಅಡುಗೆಮನೆಯಲ್ಲಿ ಪೊಲೀಸ್ ಅಧಿಕಾರಿಗೆ ಟೀ ಬಗ್ಗಿಸುತ್ತಿದ್ದಾಳೆ! ದೋಣಿಯ ಸುದ್ದಿ ಇಲ್ಲ, ನೀರಿನ ಸುದ್ದಿ ಇಲ್ಲ. ಭಾವ ಮರೆತೇಬಿಟ್ಟಿದ್ದರು. ಚಿತ್ರಕಾರ ಬರೆದುಕೊಟ್ಟದ್ದನ್ನು ಬಿಡಿಸಿದ್ದ, ಪುಟಗಳು ಅಚ್ಚಾಗಿ ನನ್ನ ಮೇಜಿಗೆ ಬಂದು ಬಿದ್ದಿದ್ದವು.

ಅಚ್ಚಾಗದೆ ಉಳಿದಿದ್ದದ್ದು ಮುಖಪುಟ ಒಂದೇ, ಅದು ಯಾವಾಗಲೂ ಕೊನೆಗೆ. ಅಕ್ಕ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿದಳು. ಆಮೇಲೆ ಆ ಅರ್ಧ ಪುಟದಲ್ಲಿ, ಖದೀಮರು ಸಮುದ್ರಕ್ಕೆ ಎಸೆದಿದ್ದ ಖಾಲಿ ಪೀಪಾಯಿಯೊಂದನ್ನು ತಂಗಿಯ ಕೈಗೆ ಸಿಗುವಂತೆ ಮಾಡಿದಳು. ಮೀನು ಹಿಡಿಯುವ ಮುದುಕಿಯೊಬ್ಬಳು ಬಲೆ ಎಳೆದಾಗ ಮೀನಿನ ಬದಲು ಹುಡುಗಿ ಬಂದಳು. ಮುದುಕಿ ಬಯ್ಯುತ್ತ ಬಯ್ಯುತ್ತಲೇ ಅವಳನ್ನು ದಡಕ್ಕೆ ಹಾಕಿದಳು. ಓದಿ ನನ್ನ ಕಣ್ಣು ಒದ್ದೆಯಾಯಿತು. ಇಡೀ ಸಂಚಿಕೆಯಲ್ಲಿ ಜೀವವಿದ್ದ ಜಾಗ ಅದೊಂದೇ, ಕೊಡೆ ಜಾಹೀರಾತಿನ ಮೇಲೆ.

ಇದು ಒಂದು ಸಲದ ಮಾತಲ್ಲ. ಬಲಗೈ ಕಳೆದುಕೊಂಡಿದ್ದ ಖದೀಮರ ನಾಯಕ ಮುಂದಿನ ತಿಂಗಳು ಬಲಗೈಯಲ್ಲೇ ಪಿಸ್ತೂಲು ಹಿಡಿದ. ಅಕ್ಕ ಅವನಿಗೆ ಗಡಿಯಾರ ರಿಪೇರಿಯವನಿಂದ ಮರದ ಕೈ ಮಾಡಿಸಿಕೊಟ್ಟಳು. ಓದುಗರಿಗೆ ಮರದ ಕೈ ಎಷ್ಟು ಹಿಡಿಸಿತೆಂದರೆ ಪ್ರೆಸ್ಸಿಗೆ ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು. ಭಾವ ಎದೆ ಉಬ್ಬಿಸಿಕೊಂಡು, “ಹೂಂ, ಅದೊಂದು ಹೊಳೀತು ನೋಡಿ” ಎನ್ನುತ್ತಿದ್ದರು. ತಾನೇ ಬರೆದಿರಬೇಕು ಎಂದು ಅವರು ನಿಜವಾಗಿಯೂ ನಂಬಿದ್ದರು. ಅದೇ ನನ್ನ ಮೈ ಉರಿಸುವುದು. ಕದ್ದಿದ್ದರೆ ಕಳ್ಳ ಎನ್ನಬಹುದಿತ್ತು.

ಅಕ್ಕ ಹೇಳಲಿಲ್ಲವೇ ಎಂದು ನೀವು ಕೇಳಬಹುದು. ಹೇಳಿದಳು. ಅವರು ನಕ್ಕು, “ಪ್ರೂಫ್ ತಿದ್ದಿದ್ದಕ್ಕೆಲ್ಲಾ ಕಥೆ ಬರೆದೆ ಅಂದ್ಕೋಬೇಡ ಕಣೇ” ಎಂದರು. ಒಂದು ಸಲವಾದರೂ ಆ ಅರ್ಧ ಪುಟ ಓದಿ ಎಂದಳು. “ನಾನೇ ಬರೆದ ಕಥೆ, ನನಗ್ಯಾಕೆ ಇದುವರೆಗಿನ ಕಥೆ?” ಎಂದರು. ಗಂಡ ಹೆಂಡತಿ ನಡುವೆ ನಾನೇಕೆ ಬಾಯಿ ಹಾಕಲಿ ಎಂದು ನಾಲಿಗೆ ಕಚ್ಚಿಕೊಂಡೆ. ಈಗ ಅನ್ನಿಸುತ್ತದೆ, ನಾಲಿಗೆಯ ಬದಲು ಅವರನ್ನೇ ಕಚ್ಚಬೇಕಿತ್ತು.

ಪತ್ರಿಕೆ ನಿಂತಿತು. ಯಜಮಾನರು ತೀರಿಕೊಂಡರು. ಪ್ರೆಸ್ಸಿನಲ್ಲಿದ್ದ ಹಳೆಯ ಪ್ರತಿಗಳು ಗೆದ್ದಲು ಹಿಡಿದು ಹಾಳಾದವು. ಪೂರ್ತಿ ಸಂಚಿಕೆಗಳು ಉಳಿದದ್ದು ಅಕ್ಕನ ಮಂಚದ ಕೆಳಗೆ ಮಾತ್ರ, ಏಕೆಂದರೆ ಪ್ರತಿ ತಿಂಗಳೂ ಪಿನ್ನು ನೆಟ್ಟಗೆ ಬಿದ್ದ ಒಂದು ಪ್ರತಿಯನ್ನು ಆರಿಸಿ ನಾನೇ ಅವಳಿಗೆ ಕೊಡುತ್ತಿದ್ದೆ. ಹಳೆಯ ಸೀರೆಯಲ್ಲಿ ಸುತ್ತಿ, ಸಣ್ಣ ಸಣ್ಣ ಕಟ್ಟು ಮಾಡಿ ಇಟ್ಟಿದ್ದಳು. ಬೇಸರವಾದಾಗ ಒಂದೊಂದೇ ತೆಗೆದು ಓದುವಳು. ಒಂದು ಮುಗಿಸಿದರೆ ಇನ್ನೊಂದನ್ನು ಆ ದಿನ ಮುಟ್ಟುತ್ತಿರಲಿಲ್ಲ. ತಿಂಗಳು ಕಾಯಬೇಕಾದ್ದನ್ನು ಒಂದು ದಿನವಾದರೂ ಕಾಯಬೇಡವೇ ಎನ್ನುವಳು.

ಹೋದ ವರ್ಷ ಯಜಮಾನರ ಮೊಮ್ಮಗಳು ಅಕ್ಕನ ಮನೆಗೆ ಬಂದಳು, ನಾನೂ ಈಗ ಅಲ್ಲೇ ಇರುವುದು. ಪ್ರೆಸ್ಸು ಈಗ ಅವಳದು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಎಲ್ಲ ಸಂಚಿಕೆಗಳನ್ನೂ ಸೇರಿಸಿ ಒಂದೇ ದಪ್ಪ ಸಂಪುಟ ತರುತ್ತೇನೆ, ಗಟ್ಟಿ ರಟ್ಟು, ನುಣುಪು ಕಾಗದ ಎಂದಳು. ಭಾವನ ಮುಖ ಊರಗಲವಾಯಿತು. ಪ್ರತಿಗಳು ಬೇಕು, ಪಿನ್ನು ಕಿತ್ತು ಹಾಳೆ ಬಿಡಿಸಿ ಸ್ಕ್ಯಾನ್ ಮಾಡಬೇಕು ಎಂದಳು.

“‘ಇದುವರೆಗೆ’ ಹಾಕ್ತೀಯಾ?” ಅಕ್ಕ ಕೇಳಿದ್ದು ಅದೊಂದೇ.

“ಅದ್ಯಾಕೆ ಆಂಟಿ? ಬಿಡಿ ಸಂಚಿಕೆಗಾದ್ರೆ ಬೇಕು. ಸಂಪುಟದಲ್ಲಿ ಹಿಂದಿನ ಪುಟ ಈಗ ತಾನೇ ಓದಿರ್ತಾರೆ. ಮತ್ತೆ ಅದನ್ನೇ ಹೇಳಿದ್ರೆ ತಲೆ ಚಿಟ್ಟು ಹಿಡಿಯುತ್ತೆ.”

ಹುಡುಗಿ ಹೇಳಿದ್ದರಲ್ಲಿ ತಪ್ಪಿಲ್ಲ. ಲೋಕದಲ್ಲಿ ಬೇರೆ ಯಾವ ಚಿತ್ರಕಥೆಗಾದರೂ ಆ ಮಾತು ಒಪ್ಪುತ್ತಿತ್ತು.

“ಅದಿಲ್ದೆ ಕಥೆ ಅರ್ಥ ಆಗಲ್ಲಮ್ಮಾ” ಎಂದಳು ಅಕ್ಕ.

ಭಾವ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. “ನಾನು ಬರೆದ ಕಥೆ ಅರ್ಥ ಆಗಲ್ವಾ? ಅಷ್ಟು ವರ್ಷ ಜನ ಅರ್ಥ ಆಗದೇನೇ ಓದಿದ್ರಾ? ನೀನು ಒಳಗೆ ಹೋಗಿ ಟೀ ತಾ, ಹೋಗು.”

ಅಕ್ಕ ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ. ಸಿಟ್ಟು ನನ್ನ ನೆತ್ತಿಗೇರಿತ್ತು.

“ಕೊಡಬೇಡ” ಎಂದೆ. “ಇರೋದು ನಿನ್ನ ಹತ್ರ ಒಂದೇ. ಕೊಡಲ್ಲ ಅಂದ್ರೆ ಸಂಪುಟಾನೂ ಇಲ್ಲ, ಏನೂ ಇಲ್ಲ. ಬಾಯಿ ಮುಚ್ಕೊಂಡು ಕೂತ್ಕೋತಾರೆ.”

ಅಕ್ಕ ಟೀ ಸೋಸಿದಳು. ನನ್ನ ಕೋಪ ಬಂದು ಹೋಗುವಂಥದ್ದು. ಅವಳದು ಮದುವೆಯಾದಾಗಿನಿಂದ ಒಂದೇ ಕಡೆ ಕೂತಿತ್ತು.

“ಬಿಡಿಬಿಡಿಯಾಗಿದ್ದಾಗ ಅವರು ಓದಲಿಲ್ಲ” ಎಂದಳು. “ಇಡಿಯಾಗಿ ಬಂದ್ರೆ ಓದ್ತಾರೆ. ಅವರ ಹೆಸರು ಹೊಳೀತಿರುತ್ತಲ್ಲ, ಓದದೆ ಇರೋಕಾಗುತ್ತಾ? ಒಂದು ಸಲ ಆದ್ರೂ ತಾನು ಬರೆದಿದ್ದನ್ನ ಮೊದಲಿಂದ ಕೊನೆವರೆಗೂ ಓದ್ಲಿ. ಎಷ್ಟು ಬರೆದಿದ್ದೀನಿ ಅಂತ ಆಗ ಗೊತ್ತಾಗುತ್ತೆ. ನಂದು ನನಗೆ ವಾಪಸ್ ಬಂದ್ರೆ ಸಾಕು.”

ಕಟ್ಟುಗಳನ್ನು ಹೊರಗೆ ತಂದು ಮೇಜಿನ ಮೇಲಿಟ್ಟು, ಒಂದು ಹಾಳೆಯೂ ಬಿಡದೆ ಹಿಂತಿರುಗಿಸಬೇಕು ಎಂದು ಹುಡುಗಿಗೆ ಹೇಳಿದಳು. ಹುಡುಗಿ ತಲೆಯಾಡಿಸಿದಳು. ಪಿನ್ನು ಕೀಳುವ ಕೆಲಸವನ್ನು ಬೇರೆಯವರಿಗೆ ಬಿಟ್ಟರೆ ಹಾಳೆ ಹರಿಯುತ್ತಾರೆಂದು ನಾನೇ ನಡುಮನೆಯ ನೆಲದ ಮೇಲೆ ಕೂತು, ಸಣ್ಣ ಇಕ್ಕಳದಿಂದ ನಾನು ಹೊಡೆದಿದ್ದ ಪಿನ್ನುಗಳನ್ನು ನಾನೇ ಕಿತ್ತೆ. ಭಾವ ಪಕ್ಕದಲ್ಲಿ ನಿಂತು, ಸಂಪುಟಕ್ಕೆ ಬಿಳಿ ರಟ್ಟು ಒಳ್ಳೆಯದೋ ನೀಲಿಯೋ ಎಂದು ನನ್ನನ್ನು ಕೇಳುತ್ತಿದ್ದರು. ಕಪ್ಪು ಎಂದೆ. ಅವರು ಅದನ್ನೂ ಗಂಭೀರವಾಗಿ ತೆಗೆದುಕೊಂಡರು.

ಕೆಲವು ತಿಂಗಳ ಮೇಲೆ ಸಂಪುಟ ಬಂತು. ಒಪ್ಪಿಕೊಳ್ಳಬೇಕು, ಚೆನ್ನಾಗಿಯೇ ಇತ್ತು. ಜೊತೆಗೆ ರಟ್ಟಿನ ಪೆಟ್ಟಿಗೆಯಲ್ಲಿ ಅಕ್ಕನ ಹಾಳೆಗಳೂ ಬಂದವು. ಅಕ್ಕ ಸಂಪುಟವನ್ನು ಮುಟ್ಟಲಿಲ್ಲ. ಪೆಟ್ಟಿಗೆ ಬಿಚ್ಚಿ ಒಂದೊಂದೇ ಸಂಚಿಕೆ ತೆಗೆದು ನೋಡುತ್ತ ಹೋದಳು, ಮತ್ತೆ ಮೊದಲಿನಿಂದ ನೋಡಿದಳು. ಒಳಪುಟಗಳೆಲ್ಲ ಇದ್ದವು. ಮುಖಪುಟ ಒಂದೂ ಇರಲಿಲ್ಲ.

ನಾನು ಪ್ರೆಸ್ಸಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಹುಡುಗಿ ಅಳುವ ದನಿಯಲ್ಲಿ ಹೇಳಿದಳು: ಸಂಪುಟಕ್ಕೆ ಹೊಸ ಮುಖಪುಟ ಬರೆಸಿದ್ದರಂತೆ, ಹಳೆಯವು ಬೇಡವೆಂದು ಸ್ಕ್ಯಾನ್ ಮಾಡುವವರು ಮೊದಲ ದಿನವೇ ಬೇರ್ಪಡಿಸಿದ್ದರಂತೆ, ಅವು ರದ್ದಿಯ ಜೊತೆ ಹೋಗಿಬಿಟ್ಟವಂತೆ. “ಕಥೆಯ ಪುಟ ಒಂದೂ ಕಳೆದಿಲ್ಲ ಆಂಟಿ, ನಾನೇ ಎಣಿಸಿದೀನಿ” ಎಂದಳು. ನಾನು ಫೋನನ್ನು ಕುಕ್ಕಿದೆ. ಅಕ್ಕ ಪೆಟ್ಟಿಗೆ ಮುಚ್ಚಿ, ಮೂಲೆಗೆ ತಳ್ಳಿ, ಬಟ್ಟೆ ಒಗೆಯಲು ಹೋದಳು. ಅವತ್ತು ಹಿತ್ತಿಲ ಕಲ್ಲಿನ ಮೇಲೆ ಬಟ್ಟೆ ಬಿದ್ದ ಸದ್ದು ಬೀದಿಗೆಲ್ಲ ಕೇಳಿಸಿತು.

ಭಾವ ಓದಲು ಕೂತರು. ಮೊದಲ ದಿನ ನಗುತ್ತಿದ್ದರು, ನಡುನಡುವೆ ತಮ್ಮ ಮಾತನ್ನೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಎರಡನೆಯ ದಿನ ಹಿಂದಕ್ಕೂ ಮುಂದಕ್ಕೂ ಪುಟ ತಿರುಗಿಸತೊಡಗಿದರು. ಮೂರನೆಯ ದಿನ ಮಧ್ಯಾಹ್ನ ಫೋನೆತ್ತಿ ಕೂಗಾಡಿದರು, “ಪುಟಗಳೇ ಬಿಟ್ಟುಹೋಗಿವೆ! ನೀರಲ್ಲಿ ಮುಳುಗಿದವಳು ಟೀ ಕೊಡ್ತಿದಾಳೆ! ಕೈ ಇಲ್ಲದವನಿಗೆ ಕೈ ಬಂದಿದೆ! ಇದೇನು ಕಥೇನಾ, ಚಿತ್ರಾನ್ನನಾ?”

ಫೋನಿನ ಆ ಕಡೆಯಿಂದ ಏನು ಉತ್ತರ ಬಂತೋ, ಅವರು ಅಕ್ಕನ ಕಡೆ ತಿರುಗಿದರು. “ಎಲ್ಲಾ ಪುಟ ಇದೆ ಅಂತಾಳೆ. ನೀನೇ ಹೇಳು.”

“ಇದೆ” ಎಂದಳು ಅಕ್ಕ. “ನೀವು ಬರೆದಿದ್ದು ಒಂದೂ ಬಿಟ್ಟಿಲ್ಲ.”

ಭಾವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವರ ಮುಖ ಬಿಳಚಿಕೊಳ್ಳುವುದನ್ನು ನಾನು ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದೆ, ಸುಳ್ಳೇಕೆ ಹೇಳಲಿ. ಎದ್ದು ಮೂಲೆಯ ಪೆಟ್ಟಿಗೆಯನ್ನು ಎಳೆದು ಕೆದಕಿದರು. ಬರಿಗೈಯಲ್ಲಿ ಬಂದು ಕೂತರು. ಇನ್ನಾದರೂ ಒಂದು ಮಾತು ಬರುತ್ತದೆ, ತಪ್ಪಾಯಿತು ಎನ್ನುತ್ತಾರೆ ಎಂದು ನಾನು ಕಾದೆ. ಅಕ್ಕನೂ ಕಾದಳು ಎಂದು ನನಗೆ ಗೊತ್ತು, ಏಕೆಂದರೆ ಒದ್ದೆ ಕೈ ಒರೆಸಿಕೊಂಡು ಅವರ ಎದುರಿನ ಕುರ್ಚಿಯಲ್ಲೇ ಕೂತಳು. ಅವರ ಎದುರು ಅವಳು ಹಾಗೆ ಕೂತದ್ದು ಕಡಿಮೆ.

ವಾರ ಕಳೆಯಿತು. ಹಳೆಯ ಓದುಗರು ಪ್ರೆಸ್ಸಿನ ಮೇಲೆ ಮುರಿದುಕೊಂಡು ಬಿದ್ದಿದ್ದರು. ಪೀಪಾಯಿ ಎಲ್ಲಿ, ಮುದುಕಿ ಎಲ್ಲಿ, ನಮ್ಮ ಬಾಲ್ಯದಲ್ಲಿ ಇದ್ದವಲ್ಲ ಎಂದು ಕೇಳುತ್ತಿದ್ದರಂತೆ. ಹಳೆಯ ಸಂಚಿಕೆ ಮಾತ್ರ ಅವರಲ್ಲಿ ಯಾರ ಬಳಿಯೂ ಉಳಿದಿರಲಿಲ್ಲ. ಎರಡನೆಯ ಮುದ್ರಣದಲ್ಲಿ ಸರಿಪಡಿಸೋಣ ಎಂದು ಹುಡುಗಿ ಭಾವನಿಗೆ ಹೇಳಿದಳು. ಫೋನಿಟ್ಟವರೇ ಭಾವ ಒಂದು ಕಟ್ಟು ಬಿಳಿ ಹಾಳೆ, ಒಂದು ಪೆನ್ನು ತಂದು ಅಕ್ಕನ ಮುಂದೆ ಇಟ್ಟರು.

“ನಿನಗೆ ನೆನಪಿರುತ್ತಲ್ಲ, ಬರೆದುಬಿಡು” ಎಂದರು. “ಅರ್ಧರ್ಧ ಪುಟ ತಾನೇ.”

ನನಗೆ ಆ ಪೆನ್ನನ್ನು ಎಲ್ಲಿ ಚುಚ್ಚಬೇಕು ಎನ್ನಿಸಿತೋ ಇಲ್ಲಿ ಬರೆಯುವಂತಿಲ್ಲ. ಅಕ್ಕ ಹಾಳೆಗಳನ್ನು ನೀಟಾಗಿ ಜೋಡಿಸಿ, ಮೇಲೆ ಪೆನ್ನಿಟ್ಟು, ಅವರ ಕಡೆಗೇ ಸರಿಸಿದಳು.

“ಕಥೆ ನಿಮ್ದಲ್ವಾ” ಎಂದಳು. “ಅವಳನ್ನ ನೀವೇ ನೀರಿಂದ ಎತ್ತಿ.”

ಬೇಡಿದರು, ಗದರಿದರು, ಹುಡುಗಿಯಿಂದ ಹೇಳಿಸಿದರು. ಅಕ್ಕ ಜಗ್ಗಲಿಲ್ಲ. ಕೊನೆಗೆ ಛಲಕ್ಕೆ ಬಿದ್ದು ತಾವೇ ಬರೆಯಲು ಕೂತರು. ಬರೆದರು, ಹರಿದರು, ಮತ್ತೆ ಬರೆದರು. ಅವರು ಬರೆದದ್ದರಲ್ಲಿ ಕಾವಲುಗಾರನ ತಂಗಿ ಒಮ್ಮೆ ಈಜಿ ಬಂದಳು, ಹಿಂದಿನ ಸಂಚಿಕೆಯಲ್ಲಿ ಅವಳಿಗೆ ಈಜು ಬರುವುದಿಲ್ಲ ಎಂದು ಅವರೇ ಬರೆದಿದ್ದರು. ಒಮ್ಮೆ ಅಣ್ಣ ಬಂದು ಕಾಪಾಡಿದ, ಆ ಹೊತ್ತಿಗೆ ಅವನು ಖದೀಮರ ಗೋದಾಮಿನಲ್ಲಿ ಕೈಕಾಲು ಕಟ್ಟಿಸಿಕೊಂಡು ಬಿದ್ದಿದ್ದ. ಪೀಪಾಯಿಯ ಸುದ್ದಿ ಓದುಗರಿಂದ ಕಿವಿಗೆ ಬಿದ್ದಿತ್ತು, ಆದರೆ ನಡುಸಮುದ್ರಕ್ಕೆ ಅದು ಹೇಗೆ ಬಂತು, ಮುದುಕಿ ಯಾರು, ಅವಳು ಏನಂದಳು, ಒಂದೂ ಅವರಿಗೆ ಕೂಡಿಬರಲಿಲ್ಲ.

ಮೊನ್ನೆ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕನ್ನಡಕ ಕೈಯಲ್ಲಿತ್ತು.

“ಹೇಗೆ ಬದುಕಿಸಿದ್ದೆ ಅವಳನ್ನ?” ಎಂದರು. “ಅದಾದ್ರೂ ಹೇಳು.”

ಅಕ್ಕ ಒಲೆಯಿಂದ ಮುಖ ತಿರುಗಿಸಲಿಲ್ಲ.

“ಓದಿದವರನ್ನ ಕೇಳಿ” ಎಂದಳು.

ಭಾವ ನನ್ನ ಕಡೆ ನೋಡಿದರು. ಆ ಅರ್ಧ ಪುಟಗಳಲ್ಲಿ ಪ್ರತಿಯೊಂದನ್ನೂ ನಾನು ಯಂತ್ರದ ಮುಂದೆ ನಿಂತು, ಪಿನ್ನು ಹೊಡೆಯುವ ಮೊದಲೇ ಓದಿದ್ದೇನೆ, ಬಾಯಿಪಾಠ ಬರುತ್ತದೆ. ನಾನು ಬಾಯಿ ಬಿಡಲಿಲ್ಲ.